ಕೇಸ್ ಶೀಟಿನಲ್ಲಿ ಮಾತ್ರ ಎಲ್ಲರ ನಿದ್ದೆಯೂ ‘ನಾರ್ಮಲ್’

ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ಕುಷ್ಟಗಿ ಡಿಪೊದಲ್ಲಿ 2024ರಲ್ಲಿ ಇದ್ದ ಸಾರಿಗೆ ಕಾನ್‌ಸ್ಟೆಬಲ್‌ಗಳು ಮೂವರೇ. ಮೂವರಿಂದ ಮುಗಿಯುವ ಕೆಲಸ ಅದಲ್ಲ. ಹಾಗಾಗಿ ಅವರಲ್ಲೊಬ್ಬರ ಪಾಲಿಗೆ ದಿನಕ್ಕೆ ಎರಡು ಪಾಳಿ ಬಂತು. ಇಪ್ಪತ್ನಾಲ್ಕು ಗಂಟೆಯಲ್ಲಿ ಹದಿನಾರು ಗಂಟೆ ದುಡಿಮೆ, ಅದೂ ಬಿಡುವಿಲ್ಲದೆ 60 ದಿನ. ಒಮ್ಮೆ ಅವರು ಡ್ಯೂಟಿಯಲ್ಲೇ ನಿದ್ದೆ ಹೋದರು. ಆ ವಿಡಿಯೊ ಹರಿದಾಡಿತು. ನಿಗಮಕ್ಕೆ ಮುಜುಗರವಾಯಿತು ಎಂಬ ಕಾರಣಕ್ಕೆ ಜುಲೈ 1ರಂದು ಅಮಾನತು ಆದೇಶ ಹೊರಟಿತು. ಕೆಲಸದ ಹೊರೆ ಹೆಚ್ಚಾಗಿದೆ, ಇನ್ನಿಬ್ಬರನ್ನು ಕೊಡಿ ಎಂದು ನಿಗಮದ ಜಾಗೃತ ವಿಭಾಗದ ವರದಿಯೇ ಹೇಳಿತ್ತು. ಕೊಟ್ಟದ್ದು ಮಾತ್ರ ಅಮಾನತು.

2025ರ ಫೆಬ್ರುವರಿಯಲ್ಲಿ ಕರ್ನಾಟಕ ಹೈಕೋರ್ಟ್‌ನ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಆ ಆದೇಶವನ್ನು ರದ್ದುಪಡಿಸಿದರು. ಒಂದೇ ಪಾಳಿ ಮಾಡುವ ನೌಕರ ಕೆಲಸದ ಹೊತ್ತಿನಲ್ಲಿ ಮಲಗಿದರೆ ಅದು ದುರ್ನಡತೆ. ಎರಡು ತಿಂಗಳು ದಿನಕ್ಕೆರಡು ಪಾಳಿ ದುಡಿಸಿ, ಆಮೇಲೆ ಮಲಗಿದ್ದೇಕೆ ಎಂದು ಕೇಳುವಂತಿಲ್ಲ ಎಂಬುದು ತೀರ್ಪಿನ ತಿರುಳು. ವಿಶ್ರಾಂತಿ ಮನುಷ್ಯನ ಹಕ್ಕು ಎನ್ನುವ ಸಾರ್ವತ್ರಿಕ ಮಾನವ ಹಕ್ಕುಗಳ ಘೋಷಣೆಯ 24ನೇ ವಿಧಿಯನ್ನೂ ನ್ಯಾಯಾಲಯ ನೆನಪಿಸಿತು. ಅದಕ್ಕೂ ಮೊದಲು, 2012ರಲ್ಲಿ, ದೆಹಲಿಯ ರಾಮಲೀಲಾ ಮೈದಾನದಲ್ಲಿ ಮಲಗಿದ್ದವರನ್ನು ನಡುರಾತ್ರಿ ಪೊಲೀಸರು ಎಬ್ಬಿಸಿ ಓಡಿಸಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ನಿದ್ದೆಯನ್ನು ಸಂವಿಧಾನದ 21ನೇ ವಿಧಿಯ ವ್ಯಾಪ್ತಿಗೆ ತಂದಿತ್ತು. ಕೋರ್ಟಿನಲ್ಲಿ ನಿದ್ದೆಗೆ ಇಷ್ಟು ಮರ್ಯಾದೆ ಸಿಕ್ಕಿದೆ. ಆಸ್ಪತ್ರೆಯಲ್ಲಿ ಇನ್ನೂ ಸಿಕ್ಕಿಲ್ಲ.

ಯಾವುದಾದರೂ ಸರ್ಕಾರಿ ವೈದ್ಯಕೀಯ ಕಾಲೇಜಿನ ವಾರ್ಡಿನಲ್ಲಿ ವಿದ್ಯಾರ್ಥಿಗಳು ಬರೆದ ಕೇಸ್ ಶೀಟ್ ತೆಗೆದು ನೋಡಬಹುದು. ರೋಗಿಯ ತಕರಾರು, ಹಿಂದಿನ ಕಾಯಿಲೆ, ಮನೆಯವರ ಕಾಯಿಲೆ ಎಲ್ಲ ಮುಗಿದ ಮೇಲೆ ‘ಪರ್ಸನಲ್ ಹಿಸ್ಟರಿ’ ಎಂಬ ಭಾಗ ಬರುತ್ತದೆ. ಊಟ: ಮಿಶ್ರಾಹಾರ. ಹಸಿವು: ನಾರ್ಮಲ್. ನಿದ್ದೆ: ನಾರ್ಮಲ್. ಮಲಮೂತ್ರ: ನಾರ್ಮಲ್. ನಾಲ್ಕೂ ಒಂದೇ ಉಸಿರಿನಲ್ಲಿ ಬರೆದದ್ದೆಂದು ಅಕ್ಷರ ನೋಡಿದರೇ ಗೊತ್ತಾಗುತ್ತದೆ. ಪಕ್ಕದ ಮಂಚದಲ್ಲಿ ಬಿ.ಪಿ. ಹತೋಟಿಗೆ ಬಾರದ, ಕುತ್ತಿಗೆ ದಪ್ಪಗಿರುವ, ಮಾತಾಡುತ್ತಲೇ ತೂಕಡಿಸುವ ರೋಗಿ ಕೂತಿರುತ್ತಾನೆ. ಅವನ ನಿದ್ದೆಯೂ ‘ನಾರ್ಮಲ್’. ಹೆಂಡತಿಯನ್ನು ಕೇಳಿದ್ದರೆ ಬೇರೆ ಕಥೆಯೇ ಹೊರಬರುತ್ತಿತ್ತು: ರಾತ್ರಿಯಿಡೀ ಗೊರಕೆ, ನಡುವೆ ಇದ್ದಕ್ಕಿದ್ದಂತೆ ಉಸಿರೇ ನಿಂತ ಹಾಗೆ, ಆಮೇಲೆ ಬೆಚ್ಚಿಬಿದ್ದು ಎದ್ದ ಹಾಗೆ ದೊಡ್ಡದೊಂದು ಉಸಿರು. ಆದರೆ ಆಕೆಯನ್ನು ಯಾರೂ ಕೇಳಿರುವುದಿಲ್ಲ. ಆಕೆಯೂ ಹೇಳಿರುವುದಿಲ್ಲ, ಗೊರಕೆ ಕಾಯಿಲೆಯೇನಲ್ಲವಲ್ಲ ಎಂದು.

ವಿದ್ಯಾರ್ಥಿಯನ್ನು ಬೈದು ಫಲವಿಲ್ಲ. ಕೇಳಬೇಕಾದ ಪ್ರಶ್ನೆ ಯಾವುದು, ಉತ್ತರ ಬಂದರೆ ಮುಂದೇನು ಎಂದು ಅವನಿಗೆ ಯಾರೂ ಕಲಿಸಿಲ್ಲ. 2011ರಲ್ಲಿ ಪ್ರಕಟವಾದ ಒಂದು ಸಮೀಕ್ಷೆ ಭಾರತವೂ ಸೇರಿದಂತೆ 12 ದೇಶಗಳ 409 ವೈದ್ಯಕೀಯ ಕಾಲೇಜುಗಳಿಗೆ ಒಂದೇ ವಿಷಯ ಕೇಳಿತ್ತು: ನಿದ್ದೆಯ ಬಗ್ಗೆ ಎಷ್ಟು ಹೊತ್ತು ಪಾಠ ಮಾಡುತ್ತೀರಿ? ಉತ್ತರಿಸಿದ್ದು ನಾಲ್ಕರಲ್ಲಿ ಒಂದು ಕಾಲೇಜು. ಅವುಗಳಲ್ಲಿ ಇಡೀ ಕೋರ್ಸಿಗೆ ಸರಾಸರಿ ಎರಡೂವರೆ ಗಂಟೆಗಿಂತ ತುಸು ಕಡಿಮೆ ಪಾಠ. ಶೇ 27ರಷ್ಟು ಕಾಲೇಜುಗಳಲ್ಲಿ ಏನೇನೂ ಇಲ್ಲ. ಮನುಷ್ಯ ಬದುಕಿನ ಮೂರನೇ ಒಂದು ಭಾಗ ಮಲಗಿ ಕಳೆಯುತ್ತಾನೆ. ಆ ಮೂರನೇ ಒಂದು ಭಾಗಕ್ಕೆ ಒಂದು ಸಿನಿಮಾ ನೋಡುವಷ್ಟು ಹೊತ್ತನ್ನೂ ಕೊಡದ ಶಿಕ್ಷಣ ಇದು. ಚರಕಸಂಹಿತೆ ಆಹಾರದ ಪಕ್ಕದಲ್ಲೇ ನಿದ್ದೆಯನ್ನು ಬದುಕಿನ ಮೂರು ಆಧಾರಸ್ತಂಭಗಳಲ್ಲಿ ಒಂದಾಗಿ ನಿಲ್ಲಿಸಿತ್ತು ಎಂದು ಭಾಷಣಗಳಲ್ಲಿ ಹೇಳಿಕೊಳ್ಳುವುದಕ್ಕೇನೂ ಕಡಿಮೆ ಇಲ್ಲ.

ನಮ್ಮಲ್ಲಿ 2019ರಲ್ಲಿ ಎಂ.ಬಿ.ಬಿ.ಎಸ್. ಪಠ್ಯಕ್ರಮ ಬದಲಾಯಿತು. ವಿದ್ಯಾರ್ಥಿಗೆ ಏನೇನು ಬರಬೇಕು ಎಂಬ ಉದ್ದನೆಯ ಪಟ್ಟಿಯೇ ತಯಾರಾಯಿತು. ಅದರ ಶರೀರಕ್ರಿಯಾ ವಿಜ್ಞಾನದ ಭಾಗದಲ್ಲಿ, ನಿದ್ದೆಯಲ್ಲಿ ಮಿದುಳಿನ ಅಲೆಗಳು ಹೇಗಿರುತ್ತವೆ, ನಿದ್ದೆ ಬರುವುದು ಹೇಗೆ ಎಂಬ ಒಂದು ಅಂಶ ಇದೆ. ಅದು ಮೊದಲ ವರ್ಷದ ಪಾಠ. ಪರೀಕ್ಷೆ ಮುಗಿದರೆ ಮರೆಯುವುದಕ್ಕೆ ಅಡ್ಡಿಯಿಲ್ಲ. ನಿದ್ದೆ ಕೆಟ್ಟಾಗ ಏನಾಗುತ್ತದೆ ಎಂಬುದು ಮುಂದಿನ ವರ್ಷಗಳಲ್ಲಿ ಹರಿದು ಹಂಚಿಹೋಗುತ್ತದೆ. ಗೊರಕೆ ಕಿವಿ-ಮೂಗು-ಗಂಟಲಿನವರಿಗೆ, ಉಸಿರು ಶ್ವಾಸಕೋಶದವರಿಗೆ, ಕಾಲು ಸೆಳೆತ ನರರೋಗದವರಿಗೆ, ನಿದ್ದೆ ಬಾರದಿರುವುದು ಮನೋವೈದ್ಯರಿಗೆ. ನಾಲ್ಕು ವಿಭಾಗಕ್ಕೆ ಸೇರಿದ ವಿಷಯ ಕೊನೆಗೆ ಯಾವ ವಿಭಾಗದ ಪ್ರಶ್ನೆಪತ್ರಿಕೆಯಲ್ಲೂ ಗಟ್ಟಿಯಾಗಿ ಕೂರುವುದಿಲ್ಲ.

ಸಂಶೋಧನೆ ಇಲ್ಲವೆಂದು ಹೀಗಾಗಿದ್ದರೆ ಮಾತು ಬೇರೆ. ಇದೆ, ಬೇಕಾದಷ್ಟಿದೆ, ಅದೂ ಬೆಂಗಳೂರಿನಲ್ಲೇ. ಹೊಸೂರು ರಸ್ತೆಯ ನಿಮ್ಹಾನ್ಸ್‌ನ ನರಶರೀರಕ್ರಿಯಾ ವಿಭಾಗದಲ್ಲಿ ಬಿಂದು ಎಂ. ಕುಟ್ಟಿ ಮತ್ತು ಅವರ ತಂಡ ವಿಪಸ್ಸನ ಧ್ಯಾನಿಗಳನ್ನು ರಾತ್ರಿಯಿಡೀ ಮಲಗಿಸಿ ಅವರ ಮಿದುಳಿನ ಅಲೆಗಳನ್ನು ದಾಖಲಿಸಿತು. ವಯಸ್ಸಾದಂತೆ ಆಳವಾದ ನಿದ್ದೆ ಕಡಿಮೆಯಾಗುವುದು ಸಾಮಾನ್ಯ. ದೀರ್ಘಕಾಲದ ಧ್ಯಾನಿಗಳಲ್ಲಿ ಅದು ಹೆಚ್ಚು ಉಳಿದುಕೊಂಡಿತ್ತು. ಅದೇ ಸಂಸ್ಥೆಯ ನರರೋಗ ತಜ್ಞರು ರೋಗಿಗಳ ಜೊತೆ ಬಂದಿದ್ದ 1050 ಮಂದಿಯನ್ನು ಪ್ರಶ್ನಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೂ ಕಣ್ತೆರೆಸುವಂಥದ್ದು. ಇವರೆಲ್ಲ ತಮ್ಮನ್ನು ಆರೋಗ್ಯವಂತರೆಂದೇ ತಿಳಿದವರು. ಅವರಲ್ಲಿ ಸುಮಾರು ಐವರಿಗೊಬ್ಬರಂತೆ ನಿದ್ರಾಹೀನತೆ ಇತ್ತು. ನಿದ್ದೆಯಲ್ಲಿ ಉಸಿರಾಟದ ತೊಂದರೆಯೂ ಹೆಚ್ಚುಕಡಿಮೆ ಅಷ್ಟೇ ಪ್ರಮಾಣದಲ್ಲಿ ಕಂಡಿತು. ಅದಕ್ಕೂ ಮುಂಚೆ, 2007ರಲ್ಲಿ, ಬೆಂಗಳೂರಿನದೇ ಇನ್ನೊಂದು ತಂಡ ಕಾಲಿನ ಚಡಪಡಿಕೆಯ ಕಾಯಿಲೆ ನಗರದ ನೂರರಲ್ಲಿ ಇಬ್ಬರಿಗೆ ಇದೆಯೆಂದು ತೋರಿಸಿತ್ತು.

ದೇಶದ ಮಟ್ಟದಲ್ಲೂ ಇದು ನಿನ್ನೆ ಮೊನ್ನೆಯ ವಿದ್ಯೆಯಲ್ಲ. ದೆಹಲಿಯ ಏಮ್ಸ್‌ನಲ್ಲಿ ವಿ. ಮೋಹನ್ ಕುಮಾರ್ ಅವರಂಥವರು ಮಿದುಳಿನ ಯಾವ ಭಾಗ ನಿದ್ದೆ ತರಿಸುತ್ತದೆ ಎಂದು ದಶಕಗಳ ಕಾಲ ಹುಡುಕಿದರು. ನಿದ್ರಾ ಸಂಶೋಧಕರ ಭಾರತೀಯ ಸಂಘ 1992ರಲ್ಲಿ ಹುಟ್ಟಿತು. ನಿದ್ರಾ ಕಾಯಿಲೆಗಳ ವೈದ್ಯರ ಸಂಘ 1995ರಲ್ಲಿ. ಮುಂಬೈಯ ಝರೀರ್ ಉದ್ವಾಡಿಯಾ ಮತ್ತು ಸಂಗಡಿಗರು 2004ರಲ್ಲಿ ಕೊಟ್ಟ ಲೆಕ್ಕ ಪ್ರಸಿದ್ಧ: 35ರಿಂದ 65 ವಯಸ್ಸಿನ ನಗರದ ಗಂಡಸರಲ್ಲಿ ಶೇ 19.5ರಷ್ಟು ಮಂದಿಗೆ ನಿದ್ದೆಯಲ್ಲಿ ಉಸಿರಾಟ ಏರುಪೇರು, ಶೇ 7.5ರಷ್ಟು ಮಂದಿಗೆ ಹಗಲಿನ ತೂಕಡಿಕೆಯೂ ಸೇರಿದ ಪೂರ್ಣ ಕಾಯಿಲೆ. 2014ರಲ್ಲಿ ಕೇಂದ್ರ ಆರೋಗ್ಯ ಸಂಶೋಧನಾ ಇಲಾಖೆಯ ನೆರವಿನಿಂದ ನಮ್ಮದೇ ಚಿಕಿತ್ಸಾ ಮಾರ್ಗಸೂಚಿ ಬಂತು. 2023ರಲ್ಲಿ ಏಮ್ಸ್ ತಂಡ ಭಾರತದ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ಅಂದಾಜು ಹಾಕಿತು. ದುಡಿಯುವ ವಯಸ್ಸಿನ ಸುಮಾರು 10.4 ಕೋಟಿ ಭಾರತೀಯರಿಗೆ ಸ್ಲೀಪ್ ಅಪ್ನಿಯಾ ಇದೆ, ಅವರಲ್ಲಿ 4.7 ಕೋಟಿ ಜನರದ್ದು ಮಧ್ಯಮದಿಂದ ತೀವ್ರ ಸ್ವರೂಪದ್ದು. ಇಷ್ಟು ದೊಡ್ಡ ಸಂಖ್ಯೆ ಎದುರಿಗಿದ್ದೂ ಕೇಸ್ ಶೀಟಿನ ಆ ಸಾಲು ಅಲುಗಾಡಿಲ್ಲ.

ಈ ಸ್ಲೀಪ್ ಅಪ್ನಿಯಾ ಏನೆಂದರೆ, ಮಲಗಿದಾಗ ಗಂಟಲಿನ ಸ್ನಾಯುಗಳು ಸಡಿಲಗೊಂಡು ಉಸಿರಿನ ದಾರಿ ಮುಚ್ಚಿಕೊಳ್ಳುವುದು. ಎದೆ ಏರಿಳಿಯುತ್ತಿರುತ್ತದೆ, ಗಾಳಿ ಮಾತ್ರ ಒಳಗೆ ಹೋಗುವುದಿಲ್ಲ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಮಿದುಳು ಗಾಬರಿಬಿದ್ದು ಅರೆಕ್ಷಣ ಎಚ್ಚರಿಸುತ್ತದೆ, ಗಂಟಲು ತೆರೆದು ದೊಡ್ಡ ಸದ್ದಿನೊಡನೆ ಉಸಿರು ಮರಳುತ್ತದೆ. ಮಲಗಿದವನಿಗೆ ಇದ್ಯಾವುದೂ ನೆನಪಿರುವುದಿಲ್ಲ. ಹತ್ತು ಸೆಕೆಂಡ್ ಅಥವಾ ಹೆಚ್ಚು ಹೊತ್ತು ಉಸಿರು ನಿಲ್ಲುವ, ಇಲ್ಲವೇ ತೀರಾ ಕುಗ್ಗುವ ಇಂಥ ಘಟನೆ ಗಂಟೆಗೆ ಐದಕ್ಕಿಂತ ಕಡಿಮೆಯಿದ್ದರೆ ಚಿಂತೆಯಿಲ್ಲ, 30 ದಾಟಿದರೆ ತೀವ್ರ. ಗಂಟೆಗೆ ಮೂವತ್ತೆಂದರೆ ಎರಡು ನಿಮಿಷಕ್ಕೊಮ್ಮೆ ಯಾರೋ ಭುಜ ಅಲ್ಲಾಡಿಸಿ ಎಬ್ಬಿಸಿದ ಹಾಗೆ. ಇಂಥವನು ಎಂಟು ಗಂಟೆ ಮಲಗಿ ಎದ್ದರೂ ನಿದ್ದೆ ಮಾಡಿರುವುದಿಲ್ಲ. ಬಿ.ಪಿ., ಹೃದಯದ ಬಡಿತದ ಏರುಪೇರು, ಪಾರ್ಶ್ವವಾಯು ಇವೆಲ್ಲಕ್ಕೂ ಇದರ ನಂಟಿದೆ.

ಇದನ್ನು ಖಚಿತವಾಗಿ ಪತ್ತೆ ಮಾಡುವ ಪರೀಕ್ಷೆ ಪಾಲಿಸೋಮ್ನೋಗ್ರಫಿ. ತಲೆಯ ಮೇಲೆ ಅಂಟಿನಿಂದ ಕೂರಿಸಿದ ತಂತಿಗಳು, ಕಣ್ಣಿನ ಪಕ್ಕ, ಗದ್ದದ ಕೆಳಗೆ, ಮೀನಖಂಡದ ಮೇಲೆ ಇನ್ನಷ್ಟು; ಎದೆಗೂ ಹೊಟ್ಟೆಗೂ ಒಂದೊಂದು ಪಟ್ಟಿ, ಮೂಗಿಗೆ ನಳಿಗೆ, ಬೆರಳಿಗೆ ಕ್ಲಿಪ್ಪು. ಹೀಗೆ ಸಿಂಗರಿಸಿಕೊಂಡು ಅಪರಿಚಿತ ಕೋಣೆಯಲ್ಲಿ ನಿದ್ದೆ ಬರುತ್ತದೆಯೇ ಎಂದು ಕೇಳುವವರೇ ಹೆಚ್ಚು. ಬರುತ್ತದೆ, ತೀವ್ರ ಕಾಯಿಲೆ ಇರುವವರಿಗಂತೂ ತಂತಿ ಅಂಟಿಸುವಾಗಲೇ ಬರುತ್ತದೆ. ಬೆಳಿಗ್ಗೆ ರೋಗಿ ಮನೆಗೆ ಹೋದ ಮೇಲೆ ತಂತ್ರಜ್ಞರ ಕೆಲಸ ಶುರು. ಇಡೀ ರಾತ್ರಿಯನ್ನು 30 ಸೆಕೆಂಡಿನ ತುಣುಕುಗಳಾಗಿ ಕತ್ತರಿಸಿ, ಪ್ರತಿ ತುಣುಕಿನಲ್ಲಿ ನಿದ್ದೆ ಯಾವ ಹಂತದಲ್ಲಿತ್ತು, ಉಸಿರು ನಿಂತಿತೇ, ಕಾಲು ಅಲುಗಾಡಿತೇ ಎಂದು ಗುರುತು ಹಾಕಬೇಕು. ಎಂಟು ಗಂಟೆಯ ನಿದ್ದೆಗೆ 960 ತುಣುಕು. ಇದನ್ನು ಓದಬಲ್ಲ ತಂತ್ರಜ್ಞರನ್ನು ತಯಾರು ಮಾಡುವುದೂ ನಿದ್ರಾ ಶಿಕ್ಷಣದ ಭಾಗವೇ. ಡಾಕ್ಟರ ಕೊರತೆಯ ಗದ್ದಲದಲ್ಲಿ ಇವರನ್ನು ಯಾರೂ ನೆನೆಯುವುದಿಲ್ಲ.

ಈ ಮಾತೆಲ್ಲ ದೊಡ್ಡ ಊರಿನ, ದುಡ್ಡಿರುವವರ ಕಾಯಿಲೆಯದು ಎಂದುಕೊಳ್ಳುವವರು ಒಮ್ಮೆ ರೈಲು ಹಳಿಯ ಕಡೆ ನೋಡಬೇಕು.

ಹೌರಾ ಕಡೆಯಿಂದ ಬೆಂಗಳೂರಿನತ್ತ ಬರುವ ಹಲವು ರೈಲುಗಳು ವಿಶಾಖಪಟ್ಟಣದ ಮುಖ್ಯ ನಿಲ್ದಾಣಕ್ಕೆ ಹೋಗುವುದಿಲ್ಲ. ಹೋದರೆ ಎಂಜಿನ್ ದಿಕ್ಕು ಬದಲಿಸಿ ವಾಪಸಾಗಬೇಕು. ಆ ತಾಪತ್ರಯ ತಪ್ಪಿಸಿ, ನಗರದ ಅಂಚಿನ ದುವ್ವಾಡದಲ್ಲಿ ನಿಂತು, ವಿಜಯವಾಡದ ಕಡೆಗೆ ಹೊರಡುತ್ತವೆ. ಪಕ್ಕದಲ್ಲೇ ವಿಶಾಖಪಟ್ಟಣ ಉಕ್ಕಿನ ಕಾರ್ಖಾನೆ. ಅಲ್ಲಿನ ಊದುಕುಲುಮೆ ರಾತ್ರಿಯಾಯಿತೆಂದು ಆರಿಸುವಂಥದ್ದಲ್ಲ. ಮೂರು ಪಾಳಿಯಲ್ಲಿ ಜನ ಬರುತ್ತಾರೆ, ಹೋಗುತ್ತಾರೆ. ದುವ್ವಾಡದಿಂದ ವಿಜಯವಾಡಕ್ಕೆ ಸುಮಾರು 330 ಕಿಲೊಮೀಟರ್. ಕಲ್ಲಿದ್ದಲು, ಅದಿರು, ಉಕ್ಕು, ಸಾವಿರಾರು ಪ್ರಯಾಣಿಕರು ಎಲ್ಲವೂ ಹಗಲುರಾತ್ರಿ ಅದೇ ಹಳಿಯ ಮೇಲೆ. ಬೋಗಿಯೊಳಗೆ ಎಲ್ಲರೂ ನಿದ್ದೆಯಲ್ಲಿರುವ ಹೊತ್ತಿನಲ್ಲಿ ಎಂಜಿನ್ನಿನಲ್ಲಿ ಇಬ್ಬರು ಎಚ್ಚರವಾಗಿರಬೇಕು. ಬರುವ ಪ್ರತಿ ಸಿಗ್ನಲ್ಲಿನ ಬಣ್ಣವನ್ನು ಒಬ್ಬರಿಗೊಬ್ಬರು ಕೂಗಿ ಹೇಳಬೇಕು.

ಅವರು ಎಚ್ಚರವಾಗಿದ್ದಾರೆಯೇ ಎಂದು ನೋಡಿಕೊಳ್ಳಲು ಎಂಜಿನ್ನಿನಲ್ಲಿ ಒಂದು ಸಾಧನ ಇರುತ್ತದೆ. 60 ಸೆಕೆಂಡ್ ಕಾಲ ಚಾಲಕ ಏನನ್ನೂ ಮುಟ್ಟದಿದ್ದರೆ ದೀಪ ಮಿನುಗುತ್ತದೆ. ಎಂಟು ಸೆಕೆಂಡ್ ಆದರೂ ಅವನು ಸ್ಪಂದಿಸದಿದ್ದರೆ ಬಜರ್ ಕೂಗುತ್ತದೆ. ಇನ್ನೆಂಟು ಸೆಕೆಂಡ್ ಕಳೆದರೆ ಬ್ರೇಕ್ ತಾನಾಗಿ ಬೀಳುತ್ತದೆ. ಒಳ್ಳೆಯ ಸಾಧನವೇ, ಅನುಮಾನವಿಲ್ಲ. ಆದರೆ ಅರೆನಿದ್ದೆಯಲ್ಲೂ ಕೈ ಅಭ್ಯಾಸಬಲದಿಂದ ಗುಂಡಿ ಒತ್ತಬಲ್ಲದು ಎಂಬುದು ನಿದ್ದೆಯನ್ನು ಅಧ್ಯಯನ ಮಾಡಿದವರಿಗೆಲ್ಲ ಗೊತ್ತು. ನಾಲ್ಕೈದು ಸೆಕೆಂಡಿನ ಜೊಂಪು ಹತ್ತಿದವನಿಗೆ ತಾನು ಮಲಗಿದ್ದೆ ಎಂಬುದೇ ತಿಳಿಯುವುದಿಲ್ಲ. ಗಂಟೆಗೆ 110 ಕಿಲೊಮೀಟರ್ ಓಟದಲ್ಲಿ ಐದು ಸೆಕೆಂಡ್ ಎಂದರೆ 150 ಮೀಟರ್.

ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 2012ರ ಮೇ 22ರ ನಸುಕಿನಲ್ಲಿ, ಮೂರು ಗಂಟೆಯ ಸುಮಾರಿಗೆ, ಹುಬ್ಬಳ್ಳಿಯಿಂದ ಬೆಂಗಳೂರಿಗೆ ಬರುತ್ತಿದ್ದ ಹಂಪಿ ಎಕ್ಸ್‌ಪ್ರೆಸ್ ಆಂಧ್ರದ ಪೆನುಕೊಂಡ ನಿಲ್ದಾಣದಲ್ಲಿ ಕೆಂಪು ಸಿಗ್ನಲ್ ದಾಟಿ, ನಿಂತಿದ್ದ ಗೂಡ್ಸ್ ರೈಲಿಗೆ ಗುದ್ದಿತು. ಎಂಜಿನ್ನಿನ ಹಿಂದಿನ ಬೋಗಿಗೆ ಬೆಂಕಿ ಹತ್ತಿತು. ಸತ್ತವರು ಸುಮಾರು 25 ಮಂದಿ. ಚಾಲಕ ತೂಕಡಿಸಿದ್ದನೇ ಎಂಬ ಪ್ರಶ್ನೆ ಮೊದಲ ದಿನದಿಂದಲೇ ಎದ್ದಿತು. ಅಪಘಾತದ ಹೊತ್ತನ್ನು ನೋಡಿದರೆ ಆ ಪ್ರಶ್ನೆ ಏಳುವುದು ಸಹಜ. ದೇಹದೊಳಗಿನ ಗಡಿಯಾರ ಬೆಳಗಿನ ಜಾವ ಎರಡರಿಂದ ಐದರ ನಡುವೆ ಮೈಯ ಬಿಸಿಯನ್ನೂ ಮಿದುಳಿನ ಚುರುಕನ್ನೂ ತಳಮಟ್ಟಕ್ಕೆ ಇಳಿಸುತ್ತದೆ. ಆ ಗಡಿಯಾರದ ಜೀನ್‌ಗಳನ್ನು ಹುಡುಕಿದ್ದಕ್ಕೇ 2017ರ ವೈದ್ಯಕೀಯ ನೊಬೆಲ್ ಸಂದಿತು. ಆ ಗಡಿಯಾರ ರೈಲ್ವೆಯ ಡ್ಯೂಟಿ ಚಾರ್ಟನ್ನು ಓದುವುದಿಲ್ಲ. 2024ರ ಜೂನ್‌ನಲ್ಲಿ ದಕ್ಷಿಣ ರೈಲ್ವೆಯ ಲೋಕೊ ಪೈಲಟ್‌ಗಳು ವಾರಕ್ಕೆ 46 ಗಂಟೆ ವಿಶ್ರಾಂತಿ ಕೊಡಿ, ಸತತ ಎರಡಕ್ಕಿಂತ ಹೆಚ್ಚು ರಾತ್ರಿ ಡ್ಯೂಟಿ ಹಾಕಬೇಡಿ ಎಂದು ಹೋರಾಡಿದರು. ಅದನ್ನು ಸಂಬಳ-ಸಾರಿಗೆಯ ಗಲಾಟೆಯೆಂದು ಬದಿಗೆ ತಳ್ಳುವುದು ಸುಲಭ. ಹಿಂದಿನ ಬೋಗಿಯಲ್ಲಿ ಮಲಗಿರುವವರು ಹಾಗೆ ತಳ್ಳಬಾರದು.

ರಸ್ತೆಯ ಕಥೆ ಇನ್ನೂ ಅಧ್ವಾನ. ಆಸ್ಟ್ರೇಲಿಯದ ಡಾಸನ್ ಮತ್ತು ರೀಡ್ 1997ರಲ್ಲಿ ತೋರಿಸಿದ ಪ್ರಕಾರ, ಸತತ 17 ಗಂಟೆ ಎಚ್ಚರವಿದ್ದವನ ಕೈಚಳಕ, ರಕ್ತದಲ್ಲಿ ಶೇ 0.05 ಮದ್ಯ ಇರುವವನ ಮಟ್ಟಕ್ಕೆ ಇಳಿಯುತ್ತದೆ. 24 ಗಂಟೆಯಾದರೆ ಶೇ 0.10ರ ಮಟ್ಟಕ್ಕೆ. ನಮ್ಮ ಮೋಟಾರು ವಾಹನ ಕಾಯ್ದೆ ಕುಡಿದವನೆಂದು ಹಿಡಿಯುವುದು ಶೇ 0.03 ದಾಟಿದಾಗ. ಅಂದರೆ ಬೆಳಿಗ್ಗೆ ಐದಕ್ಕೆ ಎದ್ದು ರಾತ್ರಿ ಹತ್ತರ ನಂತರ ಬೆಂಗಳೂರಿನಿಂದ ವಿಜಯವಾಡಕ್ಕೆ ಸ್ಟಿಯರಿಂಗ್ ಹಿಡಿದವನು ಒಂದು ತೊಟ್ಟು ಕುಡಿಯದೆಯೂ ಆ ಮಿತಿ ದಾಟಿದವನ ಹಾಗೆಯೇ ಓಡಿಸುತ್ತಿರುತ್ತಾನೆ. ಊದಿಸಿ ನೋಡುವ ಯಂತ್ರಕ್ಕೆ ಅದು ಗೊತ್ತಾಗುವುದಿಲ್ಲ. ಇನ್ನು ಚಾಲನಾ ಪರವಾನಗಿಗೆ ಅರ್ಜಿ ಹಾಕುವವನು ತುಂಬುವ ಆರೋಗ್ಯದ ಸ್ವಯಂ ಘೋಷಣೆಯನ್ನೇ ನೋಡಿ: ಮೂರ್ಛೆರೋಗ ಇದೆಯೇ, ತಲೆಸುತ್ತು ಬರುತ್ತದೆಯೇ, ಕಣ್ಣು ಕಾಣುತ್ತದೆಯೇ, ರಾತ್ರಿ ಕುರುಡಿದೆಯೇ, ಕಿವಿ ಕೇಳುತ್ತದೆಯೇ. ಹಗಲು ತೂಕಡಿಸುತ್ತೀರಾ ಎಂಬ ಪ್ರಶ್ನೆ ಇಲ್ಲ. ಯುರೋಪಿಯನ್ ಒಕ್ಕೂಟ 2014ರಲ್ಲೇ ಸ್ಲೀಪ್ ಅಪ್ನಿಯಾವನ್ನು ಚಾಲಕರ ಆರೋಗ್ಯದ ನಿಯಮಕ್ಕೆ ಸೇರಿಸಿತು. ಅಲ್ಲಿನವರ ಗಂಟಲು ಬೇರೆ, ನಮ್ಮವರ ಗಂಟಲು ಬೇರೆಯೇ?

ನಿದ್ದೆಯ ತೊಂದರೆ ಎಂದರೆ ಗಂಡಸರ ಗೊರಕೆ ಮಾತ್ರ ಅಲ್ಲ. ಹಳ್ಳಿಯ ಆರೋಗ್ಯ ಕೇಂದ್ರಕ್ಕೆ ಬರುವ ಹೆಂಗಸರು “ರಾತ್ರಿ ಮಲಗಿದರೆ ಕಾಲು ಸೆಳೀತದೆ, ಇರುವೆ ಹರಿದ ಹಾಗಾಗ್ತದೆ, ಎದ್ದು ನಾಲ್ಕು ಹೆಜ್ಜೆ ಓಡಾಡಿದರೆ ಸರಿಹೋಗ್ತದೆ” ಎನ್ನುತ್ತಾರೆ. ಬಹಳ ಸಲ ಸಿಗುವುದು ನೋವಿನ ಮಾತ್ರೆ, ಹಚ್ಚಿಕೊಳ್ಳಲು ಮುಲಾಮು. ಅವರು ಹೇಳಿದ್ದು ಅಕ್ಷರಶಃ ಪಠ್ಯಪುಸ್ತಕದ ಲಕ್ಷಣ. ಇದೇ ಆ ಕಾಲಿನ ಚಡಪಡಿಕೆಯ ಕಾಯಿಲೆ, ಮೈಯಲ್ಲಿ ಕಬ್ಬಿಣದ ಅಂಶ ಕಡಿಮೆಯಾದಾಗ ಹೆಚ್ಚಾಗುವಂಥದ್ದು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ರಕ್ತಹೀನತೆ ಇರುವವರು ಕರ್ನಾಟಕದಲ್ಲಿ ಶೇ 47.8, ಆಂಧ್ರದಲ್ಲಿ ಶೇ 58.8. ಇವರಲ್ಲಿ ಎಷ್ಟೋ ಜನರ ನಿದ್ದೆಗೆ ಮದ್ದು ಅಗ್ಗದ ಕಬ್ಬಿಣದ ಮಾತ್ರೆಯಲ್ಲೇ ಇರಬಹುದು. ಕೇಳಿದರೆ ತಾನೇ ಗೊತ್ತಾಗುವುದು?

ಕೇಳದೆ ಮದ್ದು ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ನಿದ್ದೆ ಮಾತ್ರೆ ಉದಾಹರಣೆ. ಅಲ್ಪ್ರಾಜೋಲಂನಂಥ ಮಾತ್ರೆಗಳನ್ನು 2014ರಲ್ಲಿ ‘ಎಚ್1’ ಪಟ್ಟಿಗೆ ಸೇರಿಸಿ, ಚೀಟಿ ಇಲ್ಲದೆ ಮಾರಬಾರದು, ಮಾರಿದ್ದನ್ನು ಪುಸ್ತಕದಲ್ಲಿ ಬರೆದಿಡಬೇಕು ಎಂದು ಸರ್ಕಾರ ಕಟ್ಟಪ್ಪಣೆ ಮಾಡಿತು. ಆದರೆ ಚೀಟಿ ಬರೆಯುವವರೇ ಕಾರಣ ವಿಚಾರಿಸದಿದ್ದರೆ ಕಟ್ಟಪ್ಪಣೆ ಏನು ಮಾಡೀತು? ಉಸಿರು ಕಟ್ಟಿ ಎಚ್ಚರಾಗುವವನಿಗೆ ಈ ಮಾತ್ರೆ ಕೊಟ್ಟರೆ ಗಂಟಲು ಇನ್ನಷ್ಟು ಸಡಿಲ, ಎಚ್ಚರಿಸುವ ಮಿದುಳು ಇನ್ನಷ್ಟು ಮಂಕು. ದೀರ್ಘಕಾಲದ ನಿದ್ರಾಹೀನತೆಗೆ ಮೊದಲ ಚಿಕಿತ್ಸೆ ಮಾತ್ರೆಯಲ್ಲ, ಮಲಗುವ ಅಭ್ಯಾಸವನ್ನೂ ನಿದ್ದೆಯ ಬಗೆಗಿನ ಆತಂಕವನ್ನೂ ತಿದ್ದುವ ಮಾತಿನ ಚಿಕಿತ್ಸೆ ಎಂದು ಅಮೆರಿಕದ ವೈದ್ಯರ ಕಾಲೇಜು 2016ರಲ್ಲೇ ಹೇಳಿದೆ. ಅದನ್ನು ಕಲಿಸಲು ವಾರಗಳು ಬೇಕು, ಮಾತ್ರೆ ಬರೆಯಲು ಅರ್ಧ ನಿಮಿಷ. ರಾಯಚೂರು ಕಡೆ ಸೇಂದಿಗೆ ಬೆರೆಸಿ ಸಿಕ್ಕಿಬೀಳುವ ಸಿ.ಎಚ್. ಪೌಡರ್ ಕೂಡ ಮೂಲತಃ 1869ರಲ್ಲಿ ಬಳಕೆಗೆ ಬಂದ ನಿದ್ದೆಯ ಔಷಧಿಯೇ. ಹಿಂದೆ ಡಾಕ್ಟರು ಕೊಡುತ್ತಿದ್ದದ್ದನ್ನು ಈಗ ಕಳ್ಳ ವ್ಯಾಪಾರಿ ಕೊಡುತ್ತಾನೆ.

ಪಾಠ ಹೇಳಬೇಕಾದವರ ಸ್ವಂತ ನಿದ್ದೆಯ ವಿಷಯಕ್ಕೂ ಬರಲೇಬೇಕು. ವೈದ್ಯಕೀಯ ಕಾಲೇಜಿನಲ್ಲಿ ನಿದ್ದೆಗೆಡುವುದು ಒಂದು ಪ್ರತಿಷ್ಠೆ. 36 ಗಂಟೆ ಡ್ಯೂಟಿ ಮಾಡಿ ಬಂದ ಪಿ.ಜಿ. ವಿದ್ಯಾರ್ಥಿ ಅದನ್ನು ಪದಕದಂತೆ ಹೇಳಿಕೊಳ್ಳುತ್ತಾನೆ. ಹಿರಿಯರು ‘ನಮ್ಮ ಕಾಲದಲ್ಲಿ ಇನ್ನೂ ಹೆಚ್ಚು’ ಎನ್ನುತ್ತಾರೆ. ಹಾರ್ವರ್ಡ್‌ನ ಸಂಶೋಧಕರು 2004 ಮತ್ತು 2005ರಲ್ಲಿ ಪ್ರಕಟಿಸಿದ ಅಧ್ಯಯನಗಳು ಈ ಪ್ರತಿಷ್ಠೆಯ ಬೆಲೆ ತೋರಿಸಿದವು. ದೀರ್ಘ ಪಾಳಿಯ ಹಳೆಯ ಪದ್ಧತಿಯಲ್ಲಿ ತೀವ್ರ ನಿಗಾ ಘಟಕದ ಇಂಟರ್ನ್‌ಗಳಿಂದ ಗಂಭೀರ ತಪ್ಪುಗಳು ಶೇ 36ರಷ್ಟು ಹೆಚ್ಚು. ಅಂಥ ಪಾಳಿ ಮುಗಿಸಿ ವಾಹನ ಓಡಿಸಿದರೆ ಅಪಘಾತದ ಸಂಭವ ಎರಡು ಪಟ್ಟಿಗೂ ಮೇಲೆ. ನಮ್ಮಲ್ಲೂ ಕಾಗದದ ಮೇಲೆ ಎಲ್ಲ ಇದೆ. ಸತತ ದುಡಿಮೆ 12 ಗಂಟೆ ಮೀರಬಾರದು, ವಾರಕ್ಕೆ 48 ಗಂಟೆ ಎಂದು 1992ರ ಕೇಂದ್ರ ರೆಸಿಡೆನ್ಸಿ ಯೋಜನೆ ಹೇಳಿತ್ತು. ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆ 2024ರಲ್ಲಿ ವಾರಕ್ಕೆ 74 ಗಂಟೆ ಮೀರಬೇಡಿ, ಒಂದು ದಿನ ರಜೆ ಕೊಡಿ, ದಿನಕ್ಕೆ ಏಳೆಂಟು ಗಂಟೆ ಮಲಗಲು ಬಿಡಿ ಎಂದು ಶಿಫಾರಸು ಮಾಡಿತು. 48 ಹೋಗಿ 74 ಆದದ್ದೇ ಸುಧಾರಣೆ! ತನ್ನ ನಿದ್ದೆಯನ್ನೇ ಲೆಕ್ಕಕ್ಕಿಡದಂತೆ ಪಳಗಿದವನು ರೋಗಿಯ ನಿದ್ದೆಯ ಮುಂದೆ ‘ನಾರ್ಮಲ್’ ಎಂದು ಬರೆದರೆ ಆಶ್ಚರ್ಯವೇನು?

ಪರಿಹಾರವೆಂದು ಸಾಮಾನ್ಯವಾಗಿ ಮುಂದಿಡುವುದು ಸೂಪರ್ ಸ್ಪೆಷಾಲಿಟಿ. ಏಮ್ಸ್, ಸಫ್ದರ್‌ಜಂಗ್‌ನಂಥ ಕಡೆ ಶ್ವಾಸಕೋಶ ವಿಭಾಗದ ಹೆಸರಿನಲ್ಲೇ ನಿದ್ರಾ ವೈದ್ಯಕೀಯ ಸೇರಿದೆ. ಅದು ಬೇಕು. ಆದರೆ ಹತ್ತು ಕೋಟಿ ರೋಗಿಗಳನ್ನು ಕೈಬೆರಳೆಣಿಕೆಯ ತಜ್ಞರು ನೋಡಲಾರರು. ಕೆಲಸ ಆಗಬೇಕಾದದ್ದು ಎಂ.ಬಿ.ಬಿ.ಎಸ್. ಮಟ್ಟದಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರದ ಮೇಜಿನ ಮುಂದೆ. ಅದಕ್ಕೆ ಯಂತ್ರವೂ ಬೇಡ. ಮೆಲ್ಬರ್ನ್‌ನ ಮರ್ರೆ ಜಾನ್ಸ್ 1991ರಲ್ಲಿ ರೂಪಿಸಿದ ತೂಕಡಿಕೆಯ ಅಳತೆಗೋಲಿನಲ್ಲಿ ಎಂಟು ಪ್ರಶ್ನೆ: ಓದುವಾಗ ಜೊಂಪು ಹತ್ತುತ್ತದೆಯೇ, ಟಿ.ವಿ. ನೋಡುವಾಗ, ವಾಹನದಲ್ಲಿ ಕೂತಾಗ ಹೀಗೆ. ಟೊರಾಂಟೊದ ಫ್ರಾನ್ಸಿಸ್ ಚುಂಗ್ 2008ರಲ್ಲಿ ಕೊಟ್ಟದ್ದರಲ್ಲೂ ಎಂಟೇ: ಗೊರಕೆ, ಹಗಲಿನ ದಣಿವು, ಉಸಿರು ನಿಂತದ್ದನ್ನು ಕಂಡವರು, ಬಿ.ಪಿ., ತೂಕ, ವಯಸ್ಸು, ಕುತ್ತಿಗೆಯ ಸುತ್ತಳತೆ, ಗಂಡೋ ಹೆಣ್ಣೋ. ಒಂದು ಟೇಪು, ಐದು ನಿಮಿಷ. ಸಂಶಯ ಬಂದವರನ್ನು ಮಾತ್ರ ಮುಂದಕ್ಕೆ ಕಳಿಸಿದರೆ ಸಾಕು. ಚಿಕಿತ್ಸೆಯೂ ಇದೆ. ಸಿಡ್ನಿಯ ಕಾಲಿನ್ ಸಲ್ಲಿವನ್ 1981ರಲ್ಲಿ ಪ್ರಕಟಿಸಿದ, ಮೂಗಿಗೆ ಒತ್ತಡದ ಗಾಳಿ ಊದಿ ಗಂಟಲನ್ನು ತೆರೆದಿಡುವ ಸಿಪ್ಯಾಪ್ ಯಂತ್ರ ಇವತ್ತು ಬೆಂಗಳೂರು, ವಿಶಾಖಪಟ್ಟಣ ಎರಡೂ ಕಡೆ ಸಿಗುತ್ತದೆ. ಬೆಲೆ ಇನ್ನೂ ಹತ್ತಾರು ಸಾವಿರ ರೂಪಾಯಿ ಎಂಬುದು ಬೇರೆ ಜಗಳ.

ಬೆಂಗಳೂರಿನಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವಿದೆ, ವಿಜಯವಾಡದಲ್ಲಿ 1986ರಲ್ಲೇ ಶುರುವಾದ ಎನ್.ಟಿ.ಆರ್. ಆರೋಗ್ಯ ವಿಶ್ವವಿದ್ಯಾಲಯವಿದೆ. ವಿಶಾಖಪಟ್ಟಣದ ಆಂಧ್ರ ಮೆಡಿಕಲ್ ಕಾಲೇಜಿಗೆ ನೂರು ವರ್ಷ ದಾಟಿದೆ. ಪ್ರಶ್ನೆಪತ್ರಿಕೆ ತಯಾರಿಸುವ ಅಧಿಕಾರ ವಿಶ್ವವಿದ್ಯಾಲಯಗಳ ಕೈಯಲ್ಲೇ ಇದೆ. ಅಂತಿಮ ವರ್ಷದ ಪ್ರಾಯೋಗಿಕ ಪರೀಕ್ಷೆಯಲ್ಲಿ ನಿದ್ದೆಯ ವಿವರ ಕೇಳಿ ಬರೆದದ್ದಕ್ಕೆ ಐದು ಅಂಕ ಇಟ್ಟುಬಿಟ್ಟರೆ ಮರುವರ್ಷವೇ ಪ್ರತಿ ವಾರ್ಡಿನಲ್ಲೂ ಆ ಪ್ರಶ್ನೆ ಕೇಳಿಸುತ್ತದೆ. ಅಂಕವಿಲ್ಲದ ವಿಷಯವನ್ನು ನಮ್ಮ ಮಕ್ಕಳು ಓದುವುದಿಲ್ಲ, ಅದು ಎಲ್ಲ ಮೇಷ್ಟರಿಗೂ ಗೊತ್ತು. ಇಂಟರ್ನ್‌ಶಿಪ್‌ನಲ್ಲಿ ನಿದ್ರಾ ಪ್ರಯೋಗಾಲಯದ ಒಂದು ರಾತ್ರಿಯನ್ನು ಕಡ್ಡಾಯ ಮಾಡುವುದು, ಜಿಲ್ಲಾ ಆಸ್ಪತ್ರೆಗೊಂದು ಮನೆಯಲ್ಲೇ ಮಾಡಬಹುದಾದ ಉಸಿರಾಟ ಪರೀಕ್ಷೆಯ ಸಾಧನ ಕೊಡುವುದು, ಸಾರಿಗೆ ನಿಗಮ ಮತ್ತು ರೈಲ್ವೆಯ ಆರೋಗ್ಯ ತಪಾಸಣೆಗೆ ಇಂಥ ಎಂಟು ಪ್ರಶ್ನೆ ಸೇರಿಸುವುದು, ಇವ್ಯಾವುವೂ ಬೊಕ್ಕಸ ಬರಿದು ಮಾಡುವ ಕೆಲಸಗಳಲ್ಲ. ಒಂದು ಎಚ್ಚರಿಕೆ ಮಾತ್ರ ಬೇಕು. ಅಪ್ನಿಯಾ ಇದೆಯೆಂದು ಗೊತ್ತಾದರೆ ಕೆಲಸ ಹೋಗುತ್ತದೆ ಎಂಬ ಭಯವಿದ್ದರೆ ಯಾವ ಚಾಲಕನೂ ನಿಜ ಹೇಳುವುದಿಲ್ಲ. ಚಿಕಿತ್ಸೆ ಪಡೆದವನಿಗೆ ಕೆಲಸ ಗ್ಯಾರಂಟಿ ಎಂದು ಆಡಳಿತ ಮೊದಲು ಲಿಖಿತವಾಗಿ ಹೇಳಬೇಕು.

ವಿಶ್ವವಿದ್ಯಾಲಯಗಳು ಮನಸ್ಸು ಮಾಡುವವರೆಗೆ ಕಾಯಬೇಕಿಲ್ಲ. ಮನೆಯಲ್ಲಿ ಯಾರಾದರೂ ಗೊರಕೆ ಹೊಡೆಯುತ್ತಾ ನಡುವೆ ಉಸಿರು ಕಟ್ಟಿದಂತೆ ಮಾಡುತ್ತಿದ್ದರೆ, ಕನಸಿನಲ್ಲಿ ಒದ್ದು ಗುದ್ದಿ ಮಾಡುತ್ತಿದ್ದರೆ, ಮೊಬೈಲ್‌ನಲ್ಲಿ ಎರಡು ನಿಮಿಷ ವಿಡಿಯೊ ಮಾಡಿಟ್ಟುಕೊಳ್ಳಿ. ಮುಂದಿನ ಸಲ ಬಿ.ಪಿ. ತೋರಿಸಲು ಹೋದಾಗ ಡಾಕ್ಟರ ಮುಂದೆ ಅದನ್ನು ಹಾಕಿ. ಅವರು ಕೇಳದಿದ್ದರೂ ಹೇಳಿ.